ಮರುಪ್ರಶ್ನೆ ಕೇಳದ ಓದುಗ

ಕವಿತೆಗೆ, ಕಾದಂಬರಿಗೆ, ನಾಟಕಕ್ಕೆ ವಿಮರ್ಶಕರಿದ್ದಾರೆ. ಮಿಕ್ಸಿಯ ಜೊತೆ ಬರುವ ಮಡಿಸಿದ ಹಾಳೆಗೆ ಯಾರೂ ಇಲ್ಲ. ಓದುವವರೇ ಇಲ್ಲದ ಬರಹಕ್ಕೆ ವಿಮರ್ಶೆ ಎಲ್ಲಿಂದ ಬರಬೇಕು? ಆದರೆ ಅಕ್ಷರ ಬಿಡದೆ ಓದುವ ಓದುಗನನ್ನು ಪಡೆದ ಒಂದು ಬಗೆಯ ಕೈಪಿಡಿ ಈಚೆಗೆ ಹುಟ್ಟಿಕೊಂಡಿದೆ. ಆ ಓದುಗ ಮನುಷ್ಯನಲ್ಲ. ಕೃತಕ ಬುದ್ಧಿಮತ್ತೆಯ ಏಜೆಂಟ್.

ಏಜೆಂಟ್ ಎಂದೊಡನೆ ನಮಗೆ ನೆನಪಾಗುವುದು ಕಂಕುಳಲ್ಲಿ ಚೀಲ ಸಿಕ್ಕಿಸಿಕೊಂಡು ಬರುವ ಜೀವವಿಮೆಯವನು. ಇದು ಬೇರೆ. ಕೇಳಿದ ಪ್ರಶ್ನೆಗೆ ಉತ್ತರ ಹುಡುಕಲು ಬೇಕಾದ ಸಾಧನಗಳನ್ನು ತಾನೇ ಆರಿಸಿ ಬಳಸುವ ಕಂಪ್ಯೂಟರ್ ಪ್ರೋಗ್ರಾಂ. 2024ರ ನವೆಂಬರಿನಲ್ಲಿ ಆಂಥ್ರೊಪಿಕ್ ಸಂಸ್ಥೆ ಪ್ರಕಟಿಸಿದ 'ಮಾಡೆಲ್ ಕಾಂಟೆಕ್ಸ್ಟ್ ಪ್ರೊಟೊಕಾಲ್' ಎಂಬ ಪದ್ಧತಿಯಲ್ಲಿ ಸಾಧನಕ್ಕೆ ಒಂದು ಹೆಸರು, ಒಂದು ವಿವರಣೆ, ಅದಕ್ಕೆ ಏನೇನು ಒದಗಿಸಬೇಕೆಂಬ ಪಟ್ಟಿ ಇರುತ್ತದೆ. ಏಜೆಂಟ್ ನಂಬಿ ಹೊರಡುವುದು ಇಷ್ಟನ್ನೇ. ಷೇರು ಕಂಪನಿಗಳ ಗಳಿಕೆಯ ಅಂಕಿಅಂಶ ತಂದುಕೊಡುವ ಸಾಧನಗಳ ಇಂಥ ಹಲವು ವಿವರಣೆಗಳನ್ನು ನಾನು ಓದಿದ್ದೇನೆ. ಅವುಗಳ ಧಾಟಿ ಒಂದೇ: ಕಂಪನಿಯ ಸಂಕೇತ ಕೊಡಿ, ತ್ರೈಮಾಸಿಕ ಗಳಿಕೆ ಪಡೆಯಿರಿ.

ವಾಕ್ಯದಲ್ಲಿ ವ್ಯಾಕರಣದೋಷವಿಲ್ಲ. ಆದರೆ ಅದರ ಒಂದೊಂದು ಪದವೂ ಜಾರುತ್ತದೆ. 'ತ್ರೈಮಾಸಿಕ'ವನ್ನೇ ತೆಗೆದುಕೊಳ್ಳಿ. ಆಪಲ್ ಕಂಪನಿಯ ಲೆಕ್ಕದ ವರ್ಷ ಮುಗಿಯುವುದು ಸೆಪ್ಟೆಂಬರಿನ ಕೊನೆಗೆ, ಮೈಕ್ರೋಸಾಫ್ಟಿನದು ಜೂನ್ 30ಕ್ಕೆ, ವಾಲ್‌ಮಾರ್ಟಿನದು ಜನವರಿ 31ಕ್ಕೆ. ಮೊದಲ ತ್ರೈಮಾಸಿಕವೆಂದರೆ ಆಪಲ್‌ಗೆ ಕ್ರಿಸ್‌ಮಸ್ ವ್ಯಾಪಾರ, ಮೈಕ್ರೋಸಾಫ್ಟಿಗೆ ಜುಲೈಯಿಂದ ಸೆಪ್ಟೆಂಬರ್. ನಮ್ಮಲ್ಲೂ ಯುಗಾದಿಗೆ ವರ್ಷ ಹಿಡಿಯುವವರಿದ್ದಾರೆ, ದೀಪಾವಳಿಗೆ ಹೊಸ ಖಾತೆ ತೆರೆಯುವ ವರ್ತಕರಿದ್ದಾರೆ. ಸಂಶಯ ಬಂದರೆ 'ಯಾವ ವರ್ಷ ಸ್ವಾಮಿ?' ಎಂದು ಕೇಳಿಬಿಡುತ್ತೇವೆ.

'ಗಳಿಕೆ'ಯ ಕಥೆ ಇನ್ನೂ ತೊಡಕಿನದು. 2024ರ ಮೇ 22ರಂದು ಎನ್ವಿಡಿಯಾ ತನ್ನ ಫಲಿತಾಂಶ ಪ್ರಕಟಿಸಿತು. ಪ್ರತಿ ಷೇರಿನ ಗಳಿಕೆ ಅಮೆರಿಕದ ಲೆಕ್ಕಪತ್ರ ನಿಯಮದಂತೆ 5.98 ಡಾಲರ್, ಕೆಲವು ಖರ್ಚುಗಳನ್ನು ಬದಿಗಿಟ್ಟು ಕಂಪನಿಯೇ ಹಾಕಿದ ಇನ್ನೊಂದು ಲೆಕ್ಕದಲ್ಲಿ 6.12. ಜೂನಿನಲ್ಲಿ ಒಂದು ಷೇರನ್ನು ಹತ್ತಾಗಿ ಒಡೆದರು. ಅದೇ ಗಳಿಕೆ ಆಗ 0.60 ಮತ್ತು 0.61 ಆಯಿತು. ಅಂಕಿ ನಾಲ್ಕು, ನಾಲ್ಕೂ ನಿಜ. ಮುಂದಿನ ತ್ರೈಮಾಸಿಕದಲ್ಲಿ ನಿಯಮದ ಲೆಕ್ಕ 0.67. ಇದನ್ನು ಹಳೆಯ 5.98ರ ಪಕ್ಕದಲ್ಲಿಟ್ಟರೆ ಗಳಿಕೆ ಒಂಬತ್ತರಲ್ಲಿ ಒಂದು ಪಾಲಿಗೆ ಇಳಿದಂತೆ ಕಾಣುತ್ತದೆ. ವಾಸ್ತವವಾಗಿ ಏರಿತ್ತು. ಷೇರು ಒಡೆದದ್ದಕ್ಕೆ ಹಳೆಯ ಅಂಕಿಗಳನ್ನು ಹೊಂದಿಸಿದೆಯೋ ಇಲ್ಲವೋ ಎಂಬ ಒಂದು ಸಾಲು ವಿವರಣೆಯಲ್ಲಿದ್ದರೆ ಈ ಅನಾಹುತ ತಪ್ಪುತ್ತದೆ.

'ಕಂಪನಿ' ಎಂಬ ಪದವೂ ಅಷ್ಟೇ. ನಮ್ಮ ಬೆಂಗಳೂರಿನ ಇನ್ಫೋಸಿಸ್ ನ್ಯೂಯಾರ್ಕ್ ಪೇಟೆಯಲ್ಲಿಯೂ ಇದೆ. ಆದರೆ ವಿದೇಶಿ ಕಂಪನಿಯಾದ್ದರಿಂದ ಅಲ್ಲಿನ ನಿಯಂತ್ರಣ ಆಯೋಗಕ್ಕೆ ಅದು ಕೊಡುವುದು ವರ್ಷಕ್ಕೊಂದು 20-ಎಫ್ ಮತ್ತು ನಡುನಡುವೆ 6-ಕೆ. ಅಮೆರಿಕದ ಕಂಪನಿಗಳು ಸಲ್ಲಿಸುವ ತ್ರೈಮಾಸಿಕ 10-ಕ್ಯೂ ಅಲ್ಲ. 10-ಕ್ಯೂ ಮಾತ್ರ ತಡಕುವ ಸಾಧನ ಇನ್ಫೋಸಿಸ್ ಬಗ್ಗೆ ಬರಿಗೈಯಲ್ಲಿ ಮರಳುತ್ತದೆ. 'ಇಲ್ಲ' ಎನ್ನುವುದಕ್ಕೂ 'ನಾನು ಹುಡುಕಿದ ಕಡೆ ಇಲ್ಲ' ಎನ್ನುವುದಕ್ಕೂ ಅಂತರವಿದೆ. ವಿವರಣೆ ಅದನ್ನು ಹೇಳದಿದ್ದರೆ ಏಜೆಂಟಿಗೆ ತಿಳಿಯುವ ದಾರಿ ಯಾವುದು?

ಉದ್ದ ಬರೆದರೆ ಖರ್ಚು ಹೆಚ್ಚುತ್ತದೆ ಎಂಬ ವಾದವಿದೆ. ಅದು ಸುಳ್ಳಲ್ಲ. ಏಜೆಂಟ್ ಕೆಲಸಕ್ಕೆ ಕುಳಿತಾಗಲೆಲ್ಲ ಈ ವಿವರಣೆಗಳು ಅದರ ಮುಂದೆ ಬರುತ್ತವೆ. ಪದ ಹೆಚ್ಚಿದಷ್ಟೂ ಹಣ ಹೆಚ್ಚು, ಮುಖ್ಯವಾದುದು ಮರೆಯಾಗುವ ಭಯವೂ ಹೆಚ್ಚು. ಆದರೆ ನಾನು ಕೇಳುವುದು ಪುರಾಣವನ್ನಲ್ಲ, ಐದಾರು ಸಾಲುಗಳನ್ನು. ಅಂಕಿ ಯಾವ ದಾಖಲೆಯಿಂದ ಬಂದದ್ದು, ಯಾವ ಲೆಕ್ಕದ್ದು, ಯಾವ ನಾಣ್ಯದ್ದು, ತ್ರೈಮಾಸಿಕ ಯಾವ ದಿನಕ್ಕೆ ಮುಗಿದದ್ದು, ಯಾವ ಕಂಪನಿಗಳು ಇಲ್ಲಿ ಸಿಗುವುದಿಲ್ಲ. ಈ ಕೊನೆಯದನ್ನು ಬರೆಯಲು ಸಾಧನ ಮಾಡಿದವರು ಸಂಕೋಚಪಡುತ್ತಾರೆ. ಅಂಗಡಿಯವನು ತನ್ನಲ್ಲಿಲ್ಲದ ಸಾಮಾನಿನ ಪಟ್ಟಿಯನ್ನು ಬಾಗಿಲಿಗೆ ತೂಗುಹಾಕುವುದಿಲ್ಲವಲ್ಲ!

ಆದರೆ ಅಂಗಡಿಗೆ ಬಂದ ಗಿರಾಕಿ ಕೇಳಿ ತಿಳಿಯಬಲ್ಲ. ಗುಮಾಸ್ತನೂ ಅನುಮಾನ ಬಂದರೆ ಕಡತ ಹಿಡಿದು ಮೇಲಿನವರ ಮೇಜಿನ ಮುಂದೆ ನಿಲ್ಲುತ್ತಾನೆ. ಏಜೆಂಟ್ ಎಷ್ಟೋ ವೇಳೆ ಹಾಗೆ ನಿಲ್ಲುವುದಿಲ್ಲ. ಬಿಟ್ಟ ಸ್ಥಳವನ್ನು ತಾನೇ ತುಂಬಿ, ಸೊಗಸಾದ ಭಾಷೆಯಲ್ಲಿ ಉತ್ತರ ಒಪ್ಪಿಸುತ್ತದೆ. ಅದನ್ನು ಓದುವವರು ನಿವೃತ್ತಿಯ ಹಣವನ್ನು ಷೇರಿನಲ್ಲಿ ತೊಡಗಿಸಿದ ಯಾರೋ ಮೇಷ್ಟ್ರಿರಬಹುದು. ಅವರಿಗೆ ಉತ್ತರ ಕಾಣುತ್ತದೆ. ಅದರ ಹಿಂದಿನ ಆ ಒಂದು ಸಾಲಿನ ವಿವರಣೆ ಕಾಣುವುದಿಲ್ಲ. ಅವರ ಕಣ್ಣಿಗೆ ಬೀಳದ ಆ ಬರಹದ ಮೇಲೆ ಅವರ ಹಣ ನಿಂತಿರುವುದರಿಂದಲೇ ಅದನ್ನು ವಿಮರ್ಶೆಗೆ ಎತ್ತಿಕೊಳ್ಳಬೇಕೆಂದು ನನಗೆ ಅನ್ನಿಸಿದೆ.