ನಾಯಿಯ ಕಣ್ಣಿಗೆ ಕಂಡ ಮನೆ

‘ಒಂದು ಸಾಕುನಾಯಿಯ ಆತ್ಮಕಥೆ’ ಎಂಬ ಪ್ರಬಂಧವಿಷಯವನ್ನು ಅಧ್ಯಾಪಕ ಬಂಧುಗಳಿಗೆ ಪರಿಚಯ ಮಾಡಿಕೊಡಬೇಕಾದ ಅಗತ್ಯವಿಲ್ಲ. ‘ನಾನೊಂದು ನಾಯಿ, ನನ್ನ ಯಜಮಾನರು ಬಹಳ ದಯಾಳುಗಳು’ ಎಂದು ಮೊದಲಾಗಿ, ಕಳ್ಳನನ್ನು ಹಿಡಿದುಕೊಟ್ಟ ಸಾಹಸದಲ್ಲಿ ಬೆಳೆದು, ಸ್ವಾಮಿಭಕ್ತಿಯ ಉಪದೇಶದಲ್ಲಿ ಮುಗಿಯುವ ಬರವಣಿಗೆ ಅದು. ಮೂವತ್ತು ಮಕ್ಕಳು ಬರೆದರೆ ಮೂವತ್ತು ಮನೆಗೂ ಒಬ್ಬನೇ ಕಳ್ಳ ಬಂದಿರುತ್ತಾನೆ. ನಮ್ಮ ಪತ್ತಿಕೊಂಡ ಸೀಮೆಯ ಮಕ್ಕಳಾದರೆ ಇನ್ನೊಂದು ಮಾತನ್ನೂ ಸೇರಿಸುತ್ತಾರೆ. ಗುತ್ತಿಗೆ ಹೋಗುವ ದಾರಿಯಲ್ಲಿ ಎರ್ರಗುಡಿಯ ಬಂಡೆಗಳಿರುವುದರಿಂದ, ಮನುಷ್ಯರಿಗೂ ಪಶುಗಳಿಗೂ ಚಿಕಿತ್ಸೆಯನ್ನು ಏರ್ಪಡಿಸಿದೆನೆಂದು ಶಾಸನ ಬರೆಸಿದ ಅಶೋಕನು ಪ್ರತಿಯೊಂದು ಪ್ರಬಂಧದಲ್ಲಿಯೂ ಒಮ್ಮೆ ಬಂದುಹೋಗುತ್ತಾನೆ.

ಈಚೆಗೆ ನಾನು ತಿದ್ದಿದ ಕಟ್ಟಿನಲ್ಲಿ ಕಳ್ಳನೂ ಇಲ್ಲದ, ಅಶೋಕನೂ ಇಲ್ಲದ ಪ್ರಬಂಧವೊಂದು ದೊರೆಯಿತು. ಅದರ ಅಂಚಿನಲ್ಲಿ ಕೆಂಪು ಶಾಯಿಯಿಂದ ‘ವಿಷಯಾಂತರ’ ಎಂದು ಬರೆದು 15ಕ್ಕೆ 5 ಅಂಕ ಕೊಟ್ಟು ಮುಗಿಸಿದೆನು. ಆ ತೀರ್ಪು ನ್ಯಾಯವಾದುದೆ ಎಂಬ ಶಂಕೆ ಅಂದು ರಾತ್ರಿಯೇ ಮೊಳೆಯಿತು. ಅದರ ಫಲವೇ ಈ ಲೇಖನ.

ನಾಯಿಯ ಕಣ್ಣಿನಿಂದ ಮನೆಯನ್ನು ನೋಡುವುದೆಂದರೇನು? ನಮ್ಮ ಪರಂಪರೆಯಲ್ಲಿ ಇದಕ್ಕೆ ಬಹು ಹಳೆಯ ಉತ್ತರವೊಂದಿದೆ. ವ್ಯಾಸಭಾರತದ ಆದಿಪರ್ವದಲ್ಲಿ ಜನಮೇಜಯನು ಕುರುಕ್ಷೇತ್ರದಲ್ಲಿ ಸತ್ರಯಾಗ ಮಾಡುತ್ತಿರುವಾಗ ಸರಮೆಯೆಂಬ ದೇವಶುನಿಯ ಮಗನು ಅಲ್ಲಿಗೆ ಬರುತ್ತಾನೆ. ಅರಸನ ತಮ್ಮಂದಿರು ಅವನನ್ನು ಹೊಡೆದಟ್ಟುತ್ತಾರೆ. ಮರಿ ಅಳುತ್ತ ತಾಯಿಯ ಬಳಿಗೆ ಓಡುತ್ತದೆ. ‘ನೀನೇ ಏನೋ ತಪ್ಪು ಮಾಡಿರಬೇಕು’ ಎಂದು ತಾಯಿ ಸಂಶಯಿಸಿದರೆ, ಹವಿಸ್ಸನ್ನು ನೆಕ್ಕುವುದಿರಲಿ, ಅದರತ್ತ ಕಣ್ಣೆತ್ತಿ ನೋಡಲೂ ಇಲ್ಲವೆಂದು ಮರಿ ಹೇಳುತ್ತದೆ. ಅಷ್ಟು ದೊಡ್ಡ ಯಜ್ಞಶಾಲೆಯಲ್ಲಿ ಮರಿಗೆ ಕಂಡದ್ದು ಎರಡೇ: ತಾನು ಮುಟ್ಟದ ತುಪ್ಪ, ತನಗೆ ಬಿದ್ದ ಪೆಟ್ಟು. ಅರಸುತನವೂ ಮಂತ್ರಘೋಷವೂ ಅದರ ಲೆಕ್ಕಕ್ಕಿಲ್ಲ.

ಅದೇ ಭಾರತದ ಕೊನೆಯಲ್ಲಿ ಧರ್ಮರಾಯನ ಹಿಂದೆ ನಡೆದ ನಾಯಿ ಎಲ್ಲರಿಗೂ ಗೊತ್ತು. ಕುಮಾರವ್ಯಾಸನು ಗದಾಪರ್ವಕ್ಕೇ ನಿಲ್ಲಿಸಿದ್ದರಿಂದ ಈ ನಾಯಿ ಅವನ ಕೈಗೆ ಸಿಕ್ಕಲಿಲ್ಲ. ಉಳಿದ ಪರ್ವಗಳನ್ನು ಪೂರೈಸುವ ಭಾರ ಕೃಷ್ಣದೇವರಾಯನ ಕಾಲದ ತಿಮ್ಮಣ್ಣಕವಿಯದಾಯಿತು. ಕನ್ನಡಕ್ಕೆ ಇದೊಂದು ನಷ್ಟವೆಂದೇ ನನ್ನ ಎಣಿಕೆ. ಆದರೆ ಒಂದು ಮಾತನ್ನು ಸಂಕೋಚದಿಂದ ಹೇಳಬೇಕಾಗಿದೆ. ಆ ನಾಯಿ ಕಡೆಗೆ ಯಮಧರ್ಮನೆಂದು ತಿಳಿದೊಡನೆ ನಾಯಿ ಅಲ್ಲಿಂದ ಕಾಣದಾಗುತ್ತದೆ, ಉಳಿಯುವವನು ದೇವರು. ಸರಮೆಯ ಮರಿಯಾದರೋ ಕಡೆಯವರೆಗೂ ಪೆಟ್ಟುತಿಂದ ಮರಿಯಾಗಿಯೇ ಉಳಿಯಿತು. ಕಾವ್ಯದೃಷ್ಟಿಯಿಂದ ನನಗೆ ಮರಿಯೇ ಮೇಲು.

ಕನ್ನಡನಾಡಿನ ಕಲ್ಲು ಈ ವಿಷಯದಲ್ಲಿ ಕಾವ್ಯಕ್ಕಿಂತ ಉದಾರವಾಗಿದೆ. ಮದ್ದೂರು ತಾಲೂಕಿನ ಆತಕೂರಿನಲ್ಲಿದ್ದು ಈಗ ಬೆಂಗಳೂರಿನ ಸರ್ಕಾರಿ ವಸ್ತುಸಂಗ್ರಹಾಲಯದಲ್ಲಿರುವ, ಕ್ರಿ.ಶ. 950ರ ಸುಮಾರಿನ ಶಾಸನವು ಕಾಳಿಯೆಂಬ ಬೇಟೆನಾಯಿಯನ್ನು ಸ್ಮರಿಸುತ್ತದೆ. ಕಾಳಿಯು ಹಂದಿಯೊಡನೆ ಹೋರಾಡಿ, ಹಂದಿಯೂ ತಾನೂ ಸತ್ತ ಮೇಲೆ, ಒಡೆಯನಾದ ಮಣಲೆರನು ಕಲ್ಲು ನಿಲ್ಲಿಸಿ ಭೂಮಿ ಬಿಟ್ಟನು. ಆ ಕಲ್ಲನ್ನು ಪೂಜಿಸದೆ ಉಣ್ಣುವ ಗೊರವನಿಗೆ ನಾಯಿಯ ಪಾಪ ತಗಲಲೆಂದು ಶಾಸನದ ಶಾಪ. ಅಲ್ಲಿನ ಗೊರವನು ಶೈವ ಪೂಜಾರಿ. ಮೈಲಾರಲಿಂಗನ ಒಕ್ಕಲಾದ ಗೊರವರು ದೋಣಿಸೇವೆಯಲ್ಲಿ ತಮ್ಮನ್ನು ದೇವರ ನಾಯಿಗಳೆಂದು ಭಾವಿಸಿ, ಬೊಗಳುತ್ತ, ಬಾಯಿಯಿಂದಲೇ ಎಡೆಯನ್ನು ಉಣ್ಣುವುದನ್ನು ನಮ್ಮಲ್ಲಿ ಅನೇಕರು ಬಲ್ಲರು. ಮನುಷ್ಯನು ನಾಯಿಯ ಜಾಗದಲ್ಲಿ ನಿಂತು ನೋಡುವುದು ನಮ್ಮ ಜನಕ್ಕೆ ತೀರ ಅಪರಿಚಿತವಲ್ಲ.

ಕಥಾಸಾಹಿತ್ಯದಲ್ಲಿ ಈ ದೃಷ್ಟಿಯನ್ನು ಅತ್ಯಂತ ನಿಷ್ಠುರವಾಗಿ ನಡೆಸಿದವನು ರಷ್ಯದ ಚೆಕಾವ್. 1887ರಲ್ಲಿ ಬರೆದ ‘ಕಷ್ಟಾಂಕ’ ಅವನ ಕಥೆ. ಕಷ್ಟಾಂಕ ಒಬ್ಬ ಬಡಗಿಯ ಹೆಣ್ಣುನಾಯಿ. ಬಡಗಿ ಕುಡುಕ, ಬಾಯಿ ಬಿಟ್ಟರೆ ಬೈಗುಳ. ಅವನ ಮಗನು ಮಾಂಸದ ಚೂರಿಗೆ ದಾರ ಕಟ್ಟಿ ನಾಯಿಗೆ ನುಂಗಿಸಿ, ಮತ್ತೆ ಹೊಟ್ಟೆಯಿಂದ ಎಳೆದು ನಗುವವನು. ಒಂದು ದಿನ ಬೀದಿಯಲ್ಲಿ ತಪ್ಪಿಸಿಕೊಂಡ ನಾಯಿಯನ್ನು ಸರ್ಕಸ್ಸಿನ ವಿದೂಷಕನೊಬ್ಬನು ಮನೆಗೆ ಕರೆದೊಯ್ದು, ಹೊಟ್ಟೆ ತುಂಬ ಊಟ ಹಾಕಿ, ಬೆಚ್ಚಗೆ ಮಲಗಿಸಿ, ಆಟ ಕಲಿಸುತ್ತಾನೆ. ಅವನು ನಿಜವಾಗಿಯೂ ಒಳ್ಳೆಯವನು. ಆದರೂ ಕಷ್ಟಾಂಕಳಿಗೆ ಅವನ ಮನೆಯಲ್ಲಿ ಏನೋ ಕೊರತೆ: ಅಲ್ಲಿ ಯಾವ ವಾಸನೆಯೂ ಇಲ್ಲ! ಬಡಗಿಯ ಮನೆಯಲ್ಲಿ ಅಂಟು, ಮೆರುಗೆಣ್ಣೆ, ಮರದ ಹೊಟ್ಟು ಎಲ್ಲವೂ ಗಮ್ಮೆನ್ನುತ್ತಿದ್ದವು. ಮೊದಲ ಪ್ರದರ್ಶನದ ರಾತ್ರಿ ಮೇಲಿನ ಅಟ್ಟಣೆಯಿಂದ ಹಳೆಯ ಯಜಮಾನನ ದನಿ ಕೇಳಿದೊಡನೆ ಅವಳು ಜನರ ತಲೆಗಳ ಮೇಲೆ ಹಾರಿ ಅವನ ಬಳಿಗೆ ಓಡುತ್ತಾಳೆ. ತಿಂಗಳುಗಟ್ಟಲೆಯ ಸುಖ ಅವಳಿಗೆ ಒಂದು ಗೊಂದಲದ ಕನಸಿನಂತೆ ತೋರುತ್ತದೆ.

ಈ ಕಥೆಯನ್ನು ಸ್ವಾಮಿಭಕ್ತಿಯ ನಿದರ್ಶನವೆಂದು ಪಾಠ ಹೇಳುವವರು ಚೆಕಾವನಿಗೆ ಅನ್ಯಾಯ ಮಾಡುತ್ತಾರೆ. ನಾಯಿ ಪ್ರೀತಿಸಿತೆಂಬುದರಿಂದ ಬಡಗಿಯ ಮನೆ ಒಳ್ಳೆಯದಾಗಲಿಲ್ಲ. ದಾರದ ಕ್ರೌರ್ಯವನ್ನು ಕಥೆಗಾರ ಮರೆಸುವುದಿಲ್ಲ. ನಾಯಿ ಸಾಕ್ಷಿ ನುಡಿಯಬಲ್ಲುದು, ತೀರ್ಪು ಕೊಡಲಾರದು. ಅದೇ ಕಥೆಯಲ್ಲಿ ಜತೆಯ ಹೆಬ್ಬಾತು ಕುದುರೆಯ ಕಾಲ್ತುಳಿತಕ್ಕೆ ಸಿಕ್ಕಿ ರಾತ್ರಿ ಸಾಯುವ ಭಾಗವನ್ನು ನೋಡಿರಿ. ಸಾವೆಂದರೇನೆಂದು ನಾಯಿಗೆ ತಿಳಿಯದು. ಕತ್ತಲೆಯಲ್ಲಿ ಕಣ್ಣಿಗೆ ಕಾಣದ ಯಾರೋ ಅಪರಿಚಿತರು ಕೋಣೆಗೆ ಬಂದು ನಿಂತಂತೆ ಅದಕ್ಕೆ ಭಯವಾಗುತ್ತದೆ. ಯಜಮಾನನ ಕೆನ್ನೆಯ ಮೇಲೆ ಹನಿಗಳು ಇಳಿಯುವುದನ್ನು ನಾಯಿ ನೋಡುತ್ತದೆ. ಆ ಹನಿಗಳ ಅರ್ಥವನ್ನು ಲೇಖಕನು ಬಿಡಿಸಿ ಹೇಳಿದ್ದರೆ ಕಥೆ ಕೆಡುತ್ತಿತ್ತು.

ಕನ್ನಡದಲ್ಲಿ ಇದಕ್ಕೆ ಸಾಟಿಯಾಗಿ ನಿಲ್ಲುವುದು 1967ರಲ್ಲಿ ಪ್ರಕಟವಾದ ಕುವೆಂಪು ಅವರ ‘ಮಲೆಗಳಲ್ಲಿ ಮದುಮಗಳು’ ಕಾದಂಬರಿಯ ಹುಲಿಯ. ಸಿಂಬಾವಿ ಹೆಗ್ಗಡೆಯ ಜೀತದಾಳಾದ ಗುತ್ತಿಯ ನಾಯಿ ಅದು. ಊರವರು ಮನುಷ್ಯನನ್ನು ಗುರುತಿಸುವುದೇ ನಾಯಿಯಿಂದ, ಅವನು ‘ನಾಯಿಗುತ್ತಿ’. ಈ ಅಡ್ಡಹೆಸರಿನಲ್ಲಿ ತಾತ್ಸಾರವಿದೆ, ನಿಜ. ಆದರೆ ಕಾದಂಬರಿಯನ್ನು ಓದುತ್ತ ಹೋದಂತೆ ಆ ಹೆಸರು ಬೇರೊಂದು ಬೆಲೆಯನ್ನು ಪಡೆಯುತ್ತದೆ. ಗುತ್ತಿಗೆ ಸ್ವಂತದ ನೆಲವಿಲ್ಲ. ಸ್ವಂತದ ದಿನವೂ ಇಲ್ಲ. ಹೆಗ್ಗಡೆಗಳ ಮನೆಯ ಮುಂದೆ ಅವನು ಹೊರಗೇ ನಿಲ್ಲತಕ್ಕವನು. ಇಂಥವನನ್ನು ಒಡೆಯನೆಂದು ಕಾಣುವ ಜೀವ ಜಗತ್ತಿನಲ್ಲಿ ಒಂದೇ. ಹುಲಿಯನ ಕಣ್ಣಿಗೆ ಜಾತಿ ಕಾಣುವುದಿಲ್ಲ. ಹೀಗೆಂದು ಕವಿ ಭಾಷಣ ಮಾಡುವುದಿಲ್ಲ. ನಾಯಿಯನ್ನು ಗುತ್ತಿಯ ಹಿಂದೆ ಮುಂದೆ ಓಡಾಡಿಸುತ್ತಾರೆ, ಅಷ್ಟೆ. ಕೆಲವೆಡೆ ಕವಿಯ ಕನಿಕರವು ನಾಯಿಯ ಸ್ವಭಾವವನ್ನು ದಾಟಿ ಮುಂದೆ ಹೋಗಿದೆಯೆಂದು ನನಗೆ ತೋರಿದ್ದುಂಟು. ಆದರೆ ಹುಲಿಯನ ಕಥೆಗೆ ಕೂಡಿಸಿದ ಕೊನೆಯಲ್ಲಿ ಆ ಸಡಿಲು ಇಲ್ಲ. ಗುತ್ತಿ ತನ್ನ ತಿಮ್ಮಿಯೊಡನೆ ಜೀತದ ಊರನ್ನು ಬಿಟ್ಟು ಓಡುವಾಗ ಹುಲಿಯ ತುಂಗೆಯ ನೆರೆಯಲ್ಲಿ ಕೊಚ್ಚಿಹೋಗುತ್ತದೆ. ಹೆಂಡತಿ ದೊರೆತಳು, ಬಿಡುಗಡೆ ದೊರೆಯಿತು. ತನ್ನನ್ನು ಒಡೆಯನೆಂದು ಬಗೆದಿದ್ದ ಒಂದೇ ಜೀವ ಹೊಳೆಯ ಪಾಲಾಯಿತು. ಈ ಕೊಡುಕೊಳ್ಳುವಿಕೆಯ ಲೆಕ್ಕವನ್ನು ಓದುಗನೇ ಮಾಡಿಕೊಳ್ಳಬೇಕು.

2022ರಲ್ಲಿ ತೆರೆಕಂಡ ‘777 ಚಾರ್ಲಿ’ ಚಿತ್ರವನ್ನು ನಮ್ಮ ವಿದ್ಯಾರ್ಥಿಗಳು ಕಣ್ಣೀರು ಸುರಿಸಿ ನೋಡಿದ್ದಾರೆ. ಅಲ್ಲಿಯ ನಾಯಕನ ಹೆಸರು ಧರ್ಮ, ಹಿಮದ ಬೆಟ್ಟಗಳತ್ತ ಪಯಣ, ಜತೆಗೆ ನಾಯಿ. ಮಹಾಪ್ರಸ್ಥಾನದ ನೆನಪು ಬರಲೆಂದೇ ಹೀಗೆ ಮಾಡಿದಂತಿದೆ. ಅದು ನಾಯಿಯಿಂದ ಕರಗಿದ ಮನುಷ್ಯನ ಕಥೆ. ನಾವು ನೋಡುವುದು ನಾಯಿಯನ್ನು, ನಾಯಿಯ ಕಣ್ಣಿನಿಂದಲ್ಲ. ಚಿತ್ರವನ್ನು ಹಳಿಯಲು ಈ ಮಾತಲ್ಲ. ಪ್ರಬಂಧ ಬರೆಯುವ ಮಕ್ಕಳು ಈ ಭೇದವನ್ನು ತಿಳಿದರೆ ಒಳ್ಳೆಯದು.

ಇನ್ನು ಆ ಹುಡುಗನ ಪ್ರಬಂಧ. ಸಂಕ್ರಾಂತಿ ಕಳೆದ ಮೇಲೆ ಒಂದು ರಾತ್ರಿ ಮನೆಯವರೆಲ್ಲ ಗಂಟುಮೂಟೆ ಕಟ್ಟುತ್ತಾರೆ. ಲಾರಿ ಬರುತ್ತದೆ. ಗುಂಟೂರು ಕಡೆ ಮೆಣಸಿನಕಾಯಿ ಬಿಡಿಸುವ ಕೂಲಿಗೆ ಗುಳೆ ಹೋಗುವವರು ಅವರು. ಆದವಾನಿ, ಆಲೂರು, ಪತ್ತಿಕೊಂಡಗಳ ಹಳ್ಳಿಗಳಲ್ಲಿ ಇದು ಯಾರಿಗೂ ಹೊಸ ಸುದ್ದಿಯಲ್ಲ. ನಾಯಿ ಊರಬಾಗಿಲಿನವರೆಗೆ ಲಾರಿಯ ಹಿಂದೆ ಓಡಿ, ಹಿಂತಿರುಗಿ ಬಂದು ನೋಡಿದರೆ ಬಾಗಿಲಿಗೆ ಬೀಗ. ಕಟ್ಟೆಯ ಮೇಲೆ ಅಜ್ಜಿ ಒಬ್ಬಳೇ. ಅಜ್ಜಿ ಜೋಳದ ರೊಟ್ಟಿಯ ನಡುಭಾಗವನ್ನು ನೀರಿನಲ್ಲಿ ನೆನೆಸಿ ತಿಂದು, ಅಂಚನ್ನು ನಾಯಿಗೆ ಹಾಕುತ್ತಾಳೆ. ‘ಅಂಚು ಅಗಿಯಲು ಅವಳಿಗೆ ಹಲ್ಲಿರಲಿಲ್ಲ’ ಎಂದು ನಾಯಿ ಹೇಳುತ್ತದೆ. ದಿನವೂ ಸಂಜೆ ಅದು ಲಾರಿ ನಿಂತಿದ್ದ ಜಾಗಕ್ಕೆ ಹೋಗಿ ಡೀಸೆಲ್ಲಿನ ಕಲೆಯನ್ನು ಮೂಸಿನೋಡುತ್ತದೆ. ಒಂದು ದಿನ ಮಳೆ ಬಂದು ಕಲೆ ತೊಳೆದುಹೋಗುತ್ತದೆ. ಪ್ರಬಂಧ ಅಲ್ಲಿಗೆ ಮುಗಿಯುತ್ತದೆ.

ಇದನ್ನೇ ನಾನು ವಿಷಯಾಂತರವೆಂದದ್ದು! ಅಜ್ಜಿಯ ದಯೆಯನ್ನು ಹುಡುಗ ಹೊಗಳಲಿಲ್ಲ, ಹಲ್ಲಿಲ್ಲದ್ದನ್ನು ಹೇಳಿದನು. ಅಂಚನ್ನು ಕೋಳಿಗೂ ಹಾಕಬಹುದಾಗಿತ್ತೆಂಬುದನ್ನು ನಾವು ಊಹಿಸಿಕೊಳ್ಳಬೇಕು. ದೋಷವೂ ಒಂದುಂಟು: ಮೇಸ್ತ್ರಿಯಿಂದ ಪಡೆದ ಮುಂಗಡದ ವಿಚಾರ ನಡುವೆ ಬರುತ್ತದೆ. ಮುಂಗಡದ ಮಾತು ನಾಯಿಗೆ ತಿಳಿಯುವುದೆಂತು? ಆ ಒಂದು ವಾಕ್ಯದಲ್ಲಿ ನಾಯಿ ಹಿಂದೆ ಸರಿದು ಹುಡುಗನೇ ಮಾತಾಡುತ್ತಾನೆ. ಹಾಗೆಂದು ಆ ವಾಕ್ಯವನ್ನು ಹೊಡೆದುಹಾಕಲು ಈಗ ನನಗೆ ಕೈ ಬಾರದು.

ಹಾಜರಿ ಪುಸ್ತಕವನ್ನು ತೆಗೆದು ನೋಡಿದೆನು. ಕಳೆದ ವರ್ಷ ಸಂಕ್ರಾಂತಿಯ ಮೇಲೆ ಎರಡು ತಿಂಗಳು ಅವನ ಹೆಸರಿನ ಮುಂದೆ ಗೈರುಹಾಜರಿಯ ಗೆರೆಗಳೇ ಇವೆ. ಹಾಕಿದವನು ನಾನೇ. ಲಾರಿಯಲ್ಲಿ ಅವನೂ ಇದ್ದನು. ಹಿಂದುಳಿದ ಮನೆಯನ್ನು ಅವನು ಕಣ್ಣಾರೆ ಕಂಡಿಲ್ಲ. ತಾನಿಲ್ಲದ ದಿನಗಳ ಮನೆಯನ್ನು ನೋಡಲು ಅವನಿಗೆ ನಾಯಿಯ ಕಣ್ಣಲ್ಲದೆ ಬೇರೆ ಕಣ್ಣು ಇರಲಿಲ್ಲ.

ಮರುದಿನ ‘ವಿಷಯಾಂತರ’ವನ್ನು ಹೊಡೆದು 12 ಎಂದು ತಿದ್ದಿ ಪುಸ್ತಕವನ್ನು ಕೊಡುವಾಗ, ನಾಯಿಯ ಹೆಸರೇನೆಂದು ಕೇಳಿದೆನು. ಪ್ರಬಂಧದಲ್ಲಿ ಹೆಸರಿರಲಿಲ್ಲ.

‘ಹೆಸರಿಟ್ಟಿಲ್ಲ ಸಾರ್. ಅಜ್ಜಿ ರೊಟ್ಟಿ ಮುರಿದ ಸಪ್ಪಳ ಕೇಳಿದ್ರೆ ಬರ್ತೈತೆ’ ಎಂದನು.