‘ಒಪ್ಪಿದ್ದೇನೆ’ ಎಂಬ ಗುಂಡಿ ಫ್ರೆಂಚಿಗೆ ಹೋದಾಗ

ಹೊಸ ತಂತ್ರಾಂಶವೊಂದನ್ನು ಅಂತರಜಾಲದಿಂದ ಇಳಿಸಿಕೊಳ್ಳುವಾಗ ಪರದೆಯ ಮೇಲೆ ಉದ್ದನೆಯ ಪರವಾನಗಿ ಒಪ್ಪಂದವೊಂದು ಮೂಡುತ್ತದೆ. ನೀವು ಅದನ್ನು ಓದುವ ಗೋಜಿಗೆ ಹೋಗದೆ ‘ಒಪ್ಪಿದ್ದೇನೆ’ ಎಂಬ ಗುಂಡಿ ಒತ್ತಿರುತ್ತೀರಿ. ನಾನೂ ಬಹುಕಾಲ ಹಾಗೆಯೇ ಮಾಡಿದ್ದೇನೆ. ಇಂಥ ಒಪ್ಪಂದ ಒಂದು ಭಾಷೆಯಿಂದ ಇನ್ನೊಂದಕ್ಕೆ ಹೋದಾಗ ಅದರ ಗತಿ ಏನಾಗುತ್ತದೆ ಎಂಬುದನ್ನು ತಿಳಿಯಬೇಕಾದರೆ, ಇಂಗ್ಲಿಷಿನಿಂದ ಫ್ರೆಂಚಿಗೆ ಹೋದ ಪರವಾನಗಿಗಳನ್ನು ನೋಡಬೇಕು.

ಫ್ರಾನ್ಸಿನಲ್ಲಿ ಈ ಅನುವಾದಕ್ಕೆ ಕಾನೂನಿನ ಒತ್ತಾಯವೇ ಇದೆ. 1994ರ ಆಗಸ್ಟ್ 4ರ ತೂಬೋನ್ ಕಾಯಿದೆಯ ಪ್ರಕಾರ ಅಲ್ಲಿ ಮಾರುವ ಸರಕು ಮತ್ತು ಸೇವೆಗಳ ವಿವರಣೆ, ಬಳಕೆಯ ಸೂಚನೆ, ಖಾತರಿಯ ಷರತ್ತುಗಳು ಫ್ರೆಂಚಿನಲ್ಲಿರಬೇಕು. ಹೀಗಾಗಿ ಅಮೆರಿಕದ ಕಂಪನಿಗಳ ಒಪ್ಪಂದಗಳು ಅನುವಾದಕರ ಮೇಜಿಗೆ ಬರುತ್ತವೆ. ಅನುವಾದವಾಗಿ ಬಂದ ಫ್ರೆಂಚಿನಲ್ಲಿ ವ್ಯಾಕರಣದ ತಪ್ಪು ಸಿಗುವುದು ಅಪರೂಪ. ದೋಷವಿರುವುದು ಬೇರೆ ಕಡೆ. ಕಾನೂನಿನ ಪದ ಯಂತ್ರದ ಬಿಡಿಭಾಗವಿದ್ದಂತೆ. ಒಂದು ಯಂತ್ರದಿಂದ ಬಿಚ್ಚಿ ಇನ್ನೊಂದಕ್ಕೆ ಕೂರಿಸಿದರೆ ಹಲ್ಲಿಗೆ ಹಲ್ಲು ಕೂಡುವುದಿಲ್ಲ.

‘ಮರ್ಚೆಂಟಬಿಲಿಟಿ’ ಎಂಬ ಪದವನ್ನೇ ತೆಗೆದುಕೊಳ್ಳಿ. ಮಾರಿದ ಸರಕು ಅಂಥ ಸರಕಿನ ಸಾಮಾನ್ಯ ಬಳಕೆಗೆ ತಕ್ಕದ್ದಾಗಿರುತ್ತದೆ ಎಂಬ, ಬಾಯಿಬಿಟ್ಟು ಹೇಳದಿದ್ದರೂ ಕಾನೂನು ಇದೆಯೆಂದೇ ಭಾವಿಸುವ ಖಾತರಿ ಅದು. ಅಮೆರಿಕದ ಏಕರೂಪ ವಾಣಿಜ್ಯ ಸಂಹಿತೆಯಂತೆ, ಮಾರುವವನು ಈ ಖಾತರಿಯಿಂದ ನುಣುಚಿಕೊಳ್ಳಬೇಕಾದರೆ ಆ ಪದವನ್ನು ಹೆಸರಿಸಬೇಕು. ಬರಹದಲ್ಲಿದ್ದರೆ ಅದು ಎದ್ದು ಕಾಣುವಂತಿರಬೇಕು. ಆ ಪ್ಯಾರಾ ಪೂರ್ತಿ ದೊಡ್ಡಕ್ಷರಗಳಲ್ಲಿ ಕಿರುಚುವುದು ಇದಕ್ಕಾಗಿ. ಫ್ರೆಂಚ್ ಅನುವಾದಗಳಲ್ಲಿ ಇದು ‘ಕಾಲಿತೆ ಮಾರ್ಶಾಂದ್’ ಆಗುತ್ತದೆ. ಇಂಗ್ಲಿಷ್ ಪದ್ಧತಿಯ ಕಾನೂನನ್ನೇ ಫ್ರೆಂಚಿನಲ್ಲಿಯೂ ಬರೆಯುವ ಕೆನಡಾದ ಪ್ರಾಂತ್ಯಗಳಲ್ಲಿ ಈ ಪದಕ್ಕೆ ನೆಲೆಯಿದೆ. ಫ್ರಾನ್ಸಿನಲ್ಲಿ ಹಾಗಲ್ಲ. ಅಲ್ಲಿ ಮಾರಾಟಗಾರನನ್ನು ಕಟ್ಟಿಹಾಕುವುದು 1804ರ ನಾಗರಿಕ ಸಂಹಿತೆಯ 1641ನೆಯ ವಿಧಿ, ಅಂದರೆ ಮರೆಯಲ್ಲಿರುವ ದೋಷಗಳ ವಿರುದ್ಧದ ಖಾತರಿ. ಅದನ್ನು ಹೆಸರಿಸದೆ ಬೇರೆ ದೇಶದ ಖಾತರಿಯನ್ನು ನಿರಾಕರಿಸಿ ಏನು ಫಲ? ಸಾಲದೆಂಬಂತೆ ದೊಡ್ಡಕ್ಷರಗಳನ್ನೂ ಹಾಗೆಯೇ ನಕಲು ಮಾಡಿರುತ್ತಾರೆ. ನಮ್ಮ ಲಿಪಿಯಲ್ಲಿ ದೊಡ್ಡಕ್ಷರವೇ ಇಲ್ಲದಿರುವುದು ಒಂದು ಪುಣ್ಯ.

ನಷ್ಟಪರಿಹಾರದ ಮಾತು ಇನ್ನೂ ಸೂಕ್ಷ್ಮ. ‘ಕಾನ್ಸಿಕ್ವೆನ್ಷಿಯಲ್ ಡ್ಯಾಮೇಜಸ್’ ಎಂಬುದನ್ನು ಅನುವಾದಕರು ‘ಪರೋಕ್ಷ ನಷ್ಟ’ ಎಂಬರ್ಥದ ಫ್ರೆಂಚ್ ಮಾತಿಗೆ ತಿರುಗಿಸುತ್ತಾರೆ. ಆದರೆ ಫ್ರೆಂಚ್ ನಾಗರಿಕ ಸಂಹಿತೆಯಂತೆ ಕರಾರು ಮುರಿದಾಗ ಸಿಗುವುದು ನೇರ ಹಾಗೂ ತಕ್ಷಣದ ನಷ್ಟಕ್ಕೆ ಮಾತ್ರ ಪರಿಹಾರ. ‘ಪರೋಕ್ಷ ನಷ್ಟಕ್ಕೆ ನಾವು ಹೊಣೆಯಲ್ಲ’ ಎಂದು ಬರೆದ ಕಂಪನಿ, ಹೇಗೂ ಕೊಡಬೇಕಿಲ್ಲದ ಹಣವನ್ನು ಕೊಡುವುದಿಲ್ಲ ಎಂದಂತಾಯಿತು. ಅದು ನಿಜವಾಗಿ ಹೆದರುವ ಲಾಭದ ನಷ್ಟವಾದರೋ ಫ್ರಾನ್ಸಿನಲ್ಲಿ ನೇರ ನಷ್ಟವೇ ಆಗಬಹುದು. ಇನ್ನು ಸಾಮಾನ್ಯ ಗ್ರಾಹಕನ ಎದುರು, ವ್ಯಾಪಾರಿ ತನ್ನ ತಪ್ಪಿನ ನಷ್ಟವನ್ನು ತುಂಬಿಕೊಡುವುದಿಲ್ಲ ಎನ್ನುವ ಷರತ್ತನ್ನು ಅಲ್ಲಿನ ಗ್ರಾಹಕ ಸಂಹಿತೆ ಲೆಕ್ಕಕ್ಕೇ ಇಡುವುದಿಲ್ಲ. 2018ರ ಆಗಸ್ಟ್‌ನಲ್ಲಿ ಪ್ಯಾರಿಸ್ ನ್ಯಾಯಾಲಯ ಟ್ವಿಟ್ಟರ್‌ನ ಬಳಕೆಯ ಷರತ್ತುಗಳಲ್ಲಿ ಇನ್ನೂರಕ್ಕೂ ಹೆಚ್ಚು ಕಲಮುಗಳನ್ನು ಅನ್ಯಾಯದವು ಅಥವಾ ಕಾನೂನುಬಾಹಿರ ಎಂದು ತಳ್ಳಿಹಾಕಿತು.

‘ಕಾಪಿರೈಟ್’ ಪದದ್ದೂ ಇದೇ ಕಥೆ. ಫ್ರೆಂಚಿನಲ್ಲಿ ಅದು ‘ಲೇಖಕನ ಹಕ್ಕು’. ಅಲ್ಲಿ ಕೃತಿಕಾರನ ನೈತಿಕ ಹಕ್ಕನ್ನು ಮಾರಲು ಬರುವುದಿಲ್ಲ, ಬಿಟ್ಟುಕೊಡಲೂ ಬರುವುದಿಲ್ಲ. ತಂತ್ರಾಂಶ ಬರೆದವನಿಗೆ ಈ ಹಕ್ಕು ಮೊಟಕಾಗಿದೆ, ನಿಜ. ಆದರೆ ಅಂತರಜಾಲದಲ್ಲಿ ನೀವು ಏರಿಸುವ ಕವಿತೆಗೆ, ಚಿತ್ರಕ್ಕೆ ಅದು ಪೂರ್ತಿ ಉಂಟು. ‘ಎಲ್ಲ ನೈತಿಕ ಹಕ್ಕುಗಳನ್ನೂ ತ್ಯಜಿಸುತ್ತೇನೆ’ ಎಂಬ ವಾಕ್ಯ ಫ್ರೆಂಚಿನಲ್ಲಿ ಸೊಗಸಾಗಿ ಕೇಳಿಸಬಹುದು, ಬೆಲೆ ಮಾತ್ರ ಸೊನ್ನೆ.

ಹಾಗಾದರೆ ದಾರಿ ಯಾವುದು? ಫ್ರಾನ್ಸಿನ ಮೂರು ಸಂಶೋಧನಾ ಸಂಸ್ಥೆಗಳಾದ ಸಿಇಎ, ಸಿಎನ್‌ಆರ್‌ಎಸ್ ಮತ್ತು ಇನ್ರಿಯಾ 2004ರಲ್ಲಿ ಹೊರತಂದ ‘ಸೆಸಿಲ್’ ಪರವಾನಗಿಯನ್ನು ನಾನು ಮೆಚ್ಚುವುದು ಇಲ್ಲಿಯೇ. ಗ್ನೂ ಜಿಪಿಎಲ್ ಎಂಬ ಪ್ರಸಿದ್ಧ ಮುಕ್ತ ಪರವಾನಗಿಯ ಆಶಯವನ್ನು ಇಟ್ಟುಕೊಂಡು, ಮಾತನ್ನು ಫ್ರೆಂಚ್ ಕಾನೂನಿನ ಒಳಗಿನಿಂದಲೇ ಅವರು ಹೊಸದಾಗಿ ಬರೆದರು. ಹಕ್ಕು ಕೊಡುವಾಗ ಯಾವ ಹಕ್ಕು, ಎಲ್ಲಿ, ಎಷ್ಟು ಕಾಲ ಎಂದು ಒಂದೊಂದನ್ನೂ ಬಿಡಿಸಿ ಹೇಳಬೇಕೆಂಬುದು ಅಲ್ಲಿನ ಬೌದ್ಧಿಕ ಸ್ವತ್ತಿನ ಸಂಹಿತೆಯ ನಿಯಮ. ಸೆಸಿಲ್ ಹಾಗೆಯೇ ಹೇಳುತ್ತದೆ. ಪರೋಕ್ಷ ನಷ್ಟ ಎಂಬ ಪದವನ್ನು ನಂಬಿ ಕೂರದೆ, ದತ್ತಾಂಶದ ನಷ್ಟ, ಲಾಭದ ನಷ್ಟ, ಗಿರಾಕಿಗಳ ನಷ್ಟ ಇವೆಲ್ಲ ಪರೋಕ್ಷವೆಂದೇ ಉಭಯ ಪಕ್ಷಗಳೂ ಒಪ್ಪಿವೆ ಎಂದು ಪಟ್ಟಿ ಮಾಡುತ್ತದೆ. ಬೆಲೆಯಿಲ್ಲದ್ದು ಮತ್ತು ಬಂಧನವಿಲ್ಲದ್ದು ಎರಡಕ್ಕೂ ಇಂಗ್ಲಿಷ್ ‘ಫ್ರೀ’ ಎಂದು ಎಡವುವ ಕಡೆ, ಫ್ರೆಂಚಿಗೆ ಮೊದಲಿನಿಂದಲೂ ‘ಗ್ರಾತ್ವಿ’, ‘ಲಿಬ್ರ್’ ಎಂಬ ಎರಡು ಪದಗಳಿದ್ದುದೂ ಅನುಕೂಲವಾಯಿತು.

ದೋಷಗಳಿಲ್ಲವೆಂದಲ್ಲ. ಭಾಷೆ ಒಣಕಲು. ಪರವಾನಗಿ ಪಡೆದವನನ್ನು ಅದು ‘ಲಿಸಾಂಸ್ಯೆ’ ಎನ್ನುತ್ತದೆ; ಕೆಲಸದಿಂದ ತೆಗೆದುಹಾಕಲ್ಪಟ್ಟವನಿಗೂ ಫ್ರೆಂಚಿನಲ್ಲಿ ಅದೇ ಪದ! ಅದಕ್ಕಿಂತ ಗಂಭೀರವಾದ ಸಂಗತಿ ಇನ್ನೊಂದಿದೆ. 2005ರ ಎರಡನೆಯ ಆವೃತ್ತಿ ಫ್ರೆಂಚ್ ಮತ್ತು ಇಂಗ್ಲಿಷ್ ಪಾಠಗಳೆರಡೂ ಸಮಾನ ಅಧಿಕೃತ ಎನ್ನುತ್ತದೆ. ಎರಡೂ ಒಂದೇ ಮಾತು ಹೇಳುತ್ತಿವೆ ಎಂಬ ಧೈರ್ಯವಿದ್ದವರು ಮಾತ್ರ ಹೀಗೆ ಬರೆಯಬಲ್ಲರು. ಜಿಪಿಎಲ್‌ನ ಒಡೆಯರಿಗೆ ಆ ಧೈರ್ಯವಿಲ್ಲ. ಅನುವಾದಗಳನ್ನು ಅವರು ತಡೆಯುವುದಿಲ್ಲ, ಆದರೆ ಕಾನೂನಿನ ಮಾನ್ಯತೆಯನ್ನು ಇಂಗ್ಲಿಷ್ ಪಾಠಕ್ಕಷ್ಟೇ ಉಳಿಸಿಕೊಂಡಿದ್ದಾರೆ.

‘ಅದರಿಂದ ಕೆಟ್ಟದ್ದೇನಾಯಿತು?’ ಎಂದು ನೀವು ಕೇಳಬಹುದು. ನ್ಯಾಯವಾದ ಪ್ರಶ್ನೆಯೇ. ದೂರಸಂಪರ್ಕ ಕಂಪನಿ ಆರೆಂಜ್, ಜಿಪಿಎಲ್ ಅಡಿಯ ತಂತ್ರಾಂಶವೊಂದನ್ನು ಷರತ್ತು ಮೀರಿ ಬಳಸಿದ್ದಕ್ಕೆ ದೊಡ್ಡ ಮೊತ್ತದ ಪರಿಹಾರ ಕೊಡಬೇಕೆಂದು ಪ್ಯಾರಿಸ್‌ನ ಮೇಲ್ಮನವಿ ನ್ಯಾಯಾಲಯ 2024ರ ಫೆಬ್ರವರಿ 14ರಂದು ತೀರ್ಪು ಕೊಟ್ಟಿತು. ಪರವಾನಗಿ ಇಂಗ್ಲಿಷಿನದು, ತೀರ್ಪು ಫ್ರೆಂಚ್ ಕಾನೂನಿನದು. ಆದರೆ ಗಮನಿಸಿ: ದಾವೆ ಆರಂಭವಾದದ್ದು 2011ರಲ್ಲಿ. ಇದು ಕರಾರಿನ ಭಂಗವೇ ಅಥವಾ ಲೇಖಕನ ಹಕ್ಕಿನ ಉಲ್ಲಂಘನೆಯೇ ಎಂಬ ಚರ್ಚೆಯಲ್ಲಿಯೇ ವರ್ಷಗಳು ಕಳೆದವು.

ಕನ್ನಡಕ್ಕೆ ಪರವಾನಗಿಗಳನ್ನು ತರುವವರ ಸ್ಥಿತಿ ಇದಕ್ಕೆ ತಿರುವುಮುರುವು. 1872ರ ನಮ್ಮ ಕರಾರು ಕಾಯಿದೆ ಇಂಗ್ಲಿಷ್ ಕಾನೂನಿನ ಕೂಸು. ಫ್ರೆಂಚ್ ಅನುವಾದಕನಿಗೆ ಸರಿಸಾಟಿ ಸಿಗದ ‘ಕನ್ಸಿಡರೇಷನ್’ ಪದಕ್ಕೆ ನಮ್ಮ ನೋಂದಣಿ ಕಚೇರಿಯ ಎದುರು ಕುಳಿತ ಪತ್ರ ಬರಹಗಾರ ‘ಪ್ರತಿಫಲ’ ಎಂದು ತಡವರಿಸದೆ ಬರೆಯುತ್ತಾನೆ. ಹೊಸ ಪದ ಟಂಕಿಸುವ ಮೊದಲು ಹಳೆಯ ಕ್ರಯಪತ್ರಗಳನ್ನು ಒಮ್ಮೆ ತಿರುವಿಹಾಕಬೇಕು.