ನಾಭಿಯಿಂದ ಹಾಡು ಅಂದರೆ ಎಲ್ಲಿಂದ?

ಹಿಂದುಸ್ತಾನಿ ಸಂಗೀತದ ಯಾವ ಗುರುವಿನ ಮನೆಗೆ ಹೋದರೂ ಒಂದಲ್ಲ ಒಂದು ದಿನ ಈ ಮಾತು ಕಿವಿಗೆ ಬಿದ್ದೇ ಬೀಳುತ್ತದೆ: ‘ಗಂಟಲಿನಿಂದ ಅಲ್ಲೋ, ನಾಭಿಯಿಂದ ಹಾಡು.’ ಶಿಷ್ಯ ತಲೆಯಾಡಿಸಿ ಹೊಟ್ಟೆ ಬಿಗಿ ಹಿಡಿಯುತ್ತಾನೆ, ಷಡ್ಜ ಮೊದಲಿಗಿಂತ ಹೆಚ್ಚು ನಡುಗುತ್ತದೆ. ವೈದ್ಯಕೀಯ ಓದಿದವರು ಯಾರಾದರೂ ಪಕ್ಕದಲ್ಲಿದ್ದರೆ ನಕ್ಕಾರು. ನಾಭಿಯಲ್ಲಿ ಗಾಳಿಯಿಲ್ಲ, ಕಂಪಿಸುವಂಥದ್ದೂ ಏನಿಲ್ಲ, ಅಲ್ಲಿಂದ ದನಿ ಎಲ್ಲಿ ಬರಬೇಕು? ನಾನು ಮಾತ್ರ ಈ ವಿಷಯದಲ್ಲಿ ಗುರುಗಳ ಪಕ್ಷ. ಅದೂ ಅಂಗರಚನೆಯ ಪುಸ್ತಕವನ್ನು ಎದುರಿಗಿಟ್ಟುಕೊಂಡೇ.

ನಮ್ಮ ಮುಂಡದಲ್ಲಿ ದೊಡ್ಡ ಪೊಳ್ಳುಗಳು ಎರಡು. ಮೇಲಿನದು ಎದೆಗೂಡು, ಹೃದಯ ಮತ್ತು ಶ್ವಾಸಕೋಶಗಳ ಜಾಗ. ಕೆಳಗಿನದು ಉದರ. ಇವೆರಡರ ನಡುವೆ ಬೋರಲು ಹಾಕಿದ ಬೋಗುಣಿಯ ಹಾಗೆ ಕವಿದಿರುವ ತೆಳು ಸ್ನಾಯುವೇ ವಪೆ, ಡಾಕ್ಟರರ ಬಾಯಲ್ಲಿ ಡಯಾಫ್ರಮ್. ಶ್ವಾಸಕೋಶ ತಾನಾಗಿ ಉಬ್ಬಲಾರದು. ವಪೆ ಬಿಗಿದು ಕೆಳಕ್ಕಿಳಿದಾಗ ಎದೆಗೂಡು ಹಿಗ್ಗುತ್ತದೆ, ಹೊರಗಿನ ಗಾಳಿ ಒಳಗೆ ನುಗ್ಗುತ್ತದೆ. ಸುಮ್ಮನೆ ಕೂತಾಗ ಈ ಇಳಿತ ಒಂದೆರಡು ಸೆಂಟಿಮೀಟರ್, ಆಳವಾಗಿ ಉಸಿರೆಳೆದಾಗ ಅದರ ಹಲವು ಪಟ್ಟು. ಕೆಳಗಿರುವ ಜಠರ, ಕರುಳು ಎಲ್ಲಿಗೆ ಹೋಗಬೇಕು? ಹೊಟ್ಟೆ ಮುಂದಕ್ಕೆ ಬರುತ್ತದೆ. ಹೋಳಿಗೆ ಊಟ ಮುಗಿಸಿ ನೇರ ವೇದಿಕೆ ಹತ್ತಿದವರ ವಿಲಂಬಿತ್ ಯಾಕೆ ಅಷ್ಟು ಬೇಗ ಮುಗಿಯುತ್ತದೆ ಅನ್ನುವುದಕ್ಕೆ ಇಲ್ಲಿ ಉತ್ತರವಿದೆ.

ಈಚೆಗೆ ಧ್ವನಿ ತರಬೇತಿಯವರು ‘ಡಯಾಫ್ರಮ್‌ನಿಂದ ಹಾಡಿ’ ಅನ್ನುತ್ತಾರೆ. ಕೇಳಲು ವೈಜ್ಞಾನಿಕವಾಗಿದೆ, ಆದರೆ ಗುರುಗಳ ಮಾತಿಗಿಂತ ಹೆಚ್ಚು ದಾರಿ ತಪ್ಪಿಸುವಂಥದ್ದು. ವಪೆ ಉಸಿರು ಒಳಗೆಳೆಯುವ ಸ್ನಾಯು, ಹಾಡುವುದೋ ಉಸಿರು ಬಿಡುವಾಗ. ಎದೆ ತುಂಬ ಗಾಳಿ ತುಂಬಿಕೊಂಡ ಮೇಲೆ ಪಕ್ಕೆಲುಬು, ಶ್ವಾಸಕೋಶ ಎರಡೂ ಹಿಗ್ಗಿದ್ದನ್ನು ಕಳೆದುಕೊಳ್ಳಲು ತವಕಿಸುತ್ತವೆ. ಬಿಟ್ಟರೆ ಗಾಳಿಯೆಲ್ಲ ಒಂದೇ ಸಲ ಭುಸ್ಸೆಂದು ಹೋದೀತು. ಉಸಿರೆಳೆದುಕೊಂಡ ಸ್ನಾಯುಗಳೇ ಆ ಆತುರವನ್ನು ತಡೆದು ಇಷ್ಟಿಷ್ಟೇ ಬಿಡಬೇಕು. ಗಾಳಿ ಕಡಿಮೆಯಾಗುತ್ತ ಬಂದಂತೆ ಹೊಟ್ಟೆಯ ಸ್ನಾಯುಗಳು ಕೆಳಗಿನಿಂದ ಒತ್ತು ಕೊಡಬೇಕು. ಈ ಕೈಬದಲು ಕೇಳುಗನಿಗೆ ಗೊತ್ತಾಗದ ಹಾಗೆ ನಡೆದರೆ ಅದಕ್ಕೆ ನಾವು ‘ದಮ್ಮಿದೆ’ ಅನ್ನುತ್ತೇವೆ. ಇನ್ನೊಂದು ಸಂಗತಿ, ವಪೆ ಈಗ ಎಲ್ಲಿದೆ, ಎಷ್ಟು ಇಳಿದಿದೆ ಅನ್ನುವುದು ನಮ್ಮ ಅರಿವಿಗೆ ಹೆಚ್ಚುಕಡಿಮೆ ಬರುವುದೇ ಇಲ್ಲ. ಕಾಣದ್ದನ್ನು, ಮುಟ್ಟಲಾಗದ್ದನ್ನು ತಿದ್ದು ಅಂದರೆ ಶಿಷ್ಯ ಏನು ಮಾಡಿಯಾನು? ಹೊಟ್ಟೆಯಾದರೋ ಕೈಗೆ ಸಿಗುತ್ತದೆ.

ನಾಭಿಯ ಮಾತು ಹಳೆಯದು. ಹದಿಮೂರನೇ ಶತಮಾನದಲ್ಲಿ ದೇವಗಿರಿಯ ಯಾದವರ ಆಸ್ಥಾನದಲ್ಲಿದ್ದ ಶಾರ್ಙ್ಗದೇವ ‘ಸಂಗೀತ ರತ್ನಾಕರ’ದಲ್ಲಿ ನಾದ ನಾಭಿ, ಹೃದಯ, ಕಂಠ, ಶಿರಸ್ಸುಗಳನ್ನು ಹಾದು ಬಾಯಲ್ಲಿ ಹೊಮ್ಮುವ ಕ್ರಮ ಹೇಳುತ್ತಾನೆ. ಸ್ವರ, ರಾಗಗಳಿಗೆ ಬರುವ ಮೊದಲೇ ಗರ್ಭದಲ್ಲಿ ದೇಹ ರೂಪುಗೊಳ್ಳುವ ಬಗೆಗೆ ಒಂದು ಪ್ರಕರಣವನ್ನೇ ಇಟ್ಟಿದ್ದಾನೆ. ಸಂಗೀತದ ಪುಸ್ತಕದಲ್ಲಿ ಇದೇಕೆ ಎಂದು ಹಾರಿಸಿ ಓದುವವರೇ ಹೆಚ್ಚು. ನನಗೆ ಆ ಗ್ರಂಥದ ಅತಿ ಸ್ವಾರಸ್ಯದ ಭಾಗ ಅದು.

ಗರ್ಭದ ಕಥೆ ಗೊತ್ತಿಲ್ಲದಿದ್ದರೆ ಗಾಯಕನ ನರಗಳ ದಾರಿ ಅರ್ಥವೇ ಆಗುವುದಿಲ್ಲ. ವಪೆ ಇರುವುದು ಪಕ್ಕೆಯ ಕೆಳಗೆ, ಅದನ್ನು ಆಡಿಸುವ ನರ ಹೊರಡುವುದು ಕುತ್ತಿಗೆಯಲ್ಲಿ. ಭ್ರೂಣದಲ್ಲಿ ವಪೆ ಮೊದಲು ಮೂಡುವುದೇ ಕುತ್ತಿಗೆಯ ಮಟ್ಟದಲ್ಲಿ. ಆಮೇಲೆ ಅದು ಕೆಳಗಿಳಿಯುವಾಗ ನರವನ್ನೂ ಜೊತೆಗೆ ಎಳೆದೊಯ್ಯುತ್ತದೆ. ಧ್ವನಿಪೆಟ್ಟಿಗೆಯ ನರದ್ದು ಇದಕ್ಕೆ ತದ್ವಿರುದ್ಧ. ಎಡಭಾಗದ ನರ ಗಂಟಲನ್ನು ದಾಟಿ ಎದೆಗಿಳಿದು, ಹೃದಯದಿಂದ ಹೊರಟ ಮಹಾಪಧಮನಿಯ ಬಾಗಿನ ಕೆಳಗೆ ಸುತ್ತಿ, ಮತ್ತೆ ಮೇಲೇರಿ ಧ್ವನಿಪೆಟ್ಟಿಗೆ ಸೇರುತ್ತದೆ. ಎದೆಯೊಳಗೆ ಎಲ್ಲೋ ಒಂದು ಗಡ್ಡೆ ಈ ನರವನ್ನು ಒತ್ತಿದರೆ ಗಂಟಲು ನೆಟ್ಟಗಿದ್ದರೂ ದನಿ ಗೊಗ್ಗರಾಗುತ್ತದೆ. ಎರಡನೇ ಶತಮಾನದ ವೈದ್ಯ ಗ್ಯಾಲೆನ್, ಕಿರುಚುತ್ತಿದ್ದ ಹಂದಿಯ ಇವೇ ನರಗಳನ್ನು ಎಲ್ಲರೆದುರು ಕತ್ತರಿಸಿ ಅದರ ದನಿ ನಿಲ್ಲಿಸಿ ತೋರಿಸಿದ್ದ. ಕ್ರೂರ ಪ್ರದರ್ಶನ, ಆದರೆ ದನಿಯ ಹಿಡಿತ ಹೃದಯದಲ್ಲಿಲ್ಲ, ಮಿದುಳಿನಲ್ಲಿದೆ ಎಂಬ ಅವನ ವಾದ ಅಲ್ಲಿ ಗೆದ್ದಿತು.

ಓದುತ್ತಿರುವವರು ಇಲ್ಲೇ ಒಂದು ಕೆಲಸ ಮಾಡಬಹುದು. ಗಂಟಲ ಮಣಿಯಿಂದ ಬೆರಳನ್ನು ಮೆಲ್ಲಗೆ ಕೆಳಗಿಳಿಸಿ. ಮಣಿಯ ಮೃದ್ವಸ್ಥಿ ಮುಗಿದು ಇನ್ನೊಂದು ಬಳೆ ಶುರುವಾಗುವ ಮುನ್ನ ಒಂದು ಸಣ್ಣ ತಗ್ಗು ಸಿಗುತ್ತದೆ. ಬೆರಳನ್ನು ಅಲ್ಲೇ ಇಟ್ಟು ಮಂದ್ರದಿಂದ ತಾರಕ್ಕೆ ಏರಿ. ತಗ್ಗು ಕಿರಿದಾಗುತ್ತ ಹೋಗುತ್ತದೆ. ಅಲ್ಲಿರುವ ಪುಟ್ಟ ಸ್ನಾಯು ಮೃದ್ವಸ್ಥಿಗಳನ್ನು ಹತ್ತಿರ ತಂದು ಒಳಗಿನ ಧ್ವನಿತಂತುಗಳನ್ನು ಉದ್ದಕ್ಕೆ ಎಳೆದು ಬಿಗಿಗೊಳಿಸುತ್ತದೆ. ಹಾರ್ಮೋನಿಯಂನ ಮೊದಲ ಕಪ್ಪು ಮನೆ, ಅಂದರೆ ಕಾಳಿ ಒಂದರ ಷಡ್ಜದಲ್ಲಿ ಗಂಡಸಿನ ತಂತುಗಳು ಸೆಕೆಂಡಿಗೆ ಸುಮಾರು 138 ಸಲ ಬಡಿದುಕೊಳ್ಳುತ್ತವೆ, ತಾರಷಡ್ಜದಲ್ಲಿ ಅದರ ಎರಡರಷ್ಟು. ಈ ಸ್ನಾಯುವಿನ ನರವೇ ಬೇರೆ. ಥೈರಾಯ್ಡ್ ಶಸ್ತ್ರಚಿಕಿತ್ಸೆಯಲ್ಲಿ ಅದಕ್ಕೆ ಪೆಟ್ಟಾದರೆ ಮಾತು ಬರುತ್ತದೆ, ತಾರಸ್ಥಾಯಿ ಬರುವುದಿಲ್ಲ.

ಬೈಠಕ್ಕಿನಲ್ಲಿ ಕಣ್ಣು ಮುಚ್ಚಿ ಕೇಳುವುದು ರಸಿಕತೆಯ ಗುರುತು ಅನ್ನುತ್ತಾರೆ. ನಾನು ಕಣ್ಣು ಬಿಟ್ಟು ಕೇಳುವವನು. ತಾನಿಗೆ ಮುಂಚೆ ಗಾಯಕನ ಭುಜ ಮೇಲೆದ್ದು, ಕುತ್ತಿಗೆಯ ಎರಡೂ ಬದಿಯ ಸ್ನಾಯು ಹುರಿಗಟ್ಟಿದರೆ ಉಸಿರು ಮೇಲೆ ಮೇಲೆ ಬಂದಿದೆ ಎಂದರ್ಥ. ಸಮ್ ಮುಟ್ಟುವಷ್ಟರಲ್ಲಿ ಸ್ವರ ಸೊರಗುತ್ತದೆ. ಭುಜ ಮಿಸುಕದೆ ಜುಬ್ಬಾ ಪಕ್ಕೆಯ ಬಳಿ ಅಗಲವಾದರೆ ನಿಶ್ಚಿಂತೆಯಿಂದ ಕೂರಬಹುದು.

ಉಸಿರಿನ ಮಾತು ಬಂದಾಗ ಗಾಯಕ ಕುಮಾರ ಗಂಧರ್ವರ ಬಗ್ಗೆ ಜನ ಹೇಳುವುದರಲ್ಲಿ ನನಗೆ ಒಂದು ತಕರಾರಿದೆ. ಬೆಳಗಾವಿ ಹತ್ತಿರದ ಸುಳೇಭಾವಿಯಲ್ಲಿ 1924ರಲ್ಲಿ ಹುಟ್ಟಿದ ಅವರು ಕ್ಷಯದಿಂದಾಗಿ ದೇವಾಸ್ ಸೇರಿ, ವರ್ಷಗಟ್ಟಲೆ ಹಾಡುವಂತಿಲ್ಲದೆ ಮಲಗಿದರು. ಎದ್ದಾಗ ಒಂದು ಶ್ವಾಸಕೋಶ ಕೆಲಸಕ್ಕೆ ಬಾರದಂತಾಗಿತ್ತು. ಆಮೇಲಿನ ಅವರ ತುಂಡು ತುಂಡು ಆಲಾಪ, ಥಟ್ಟನೆ ತಾರಕ್ಕೆ ಹಾರುವ ಸ್ವರ, ನಡುವಿನ ವಿರಾಮ ಎಲ್ಲವನ್ನೂ ಜನ ಆ ಒಂದು ಶ್ವಾಸಕೋಶದ ಲೆಕ್ಕಕ್ಕೆ ಬರೆಯುತ್ತಾರೆ. ಅರ್ಧ ಸರಿ. ಶ್ವಾಸಕೋಶ ಹೋದರೆ ಕಡಿಮೆಯಾಗುವುದು ಗಾಳಿಯ ಪ್ರಮಾಣ, ಹಾಗಾಗಿ ಸ್ವರಗುಚ್ಛ ಚಿಕ್ಕದಾಯಿತು. ಒತ್ತಡ ಹುಟ್ಟಿಸುವ ಹೊಟ್ಟೆಯ ಸ್ನಾಯುಗಳಿಗೆ ಕ್ಷಯ ಮುಟ್ಟುವುದಿಲ್ಲ. ಆ ತಾರದ ಏಟು ಅಲ್ಲಿನದು. ವಿರಾಮವಂತೂ ರೋಗದ್ದಲ್ಲವೇ ಅಲ್ಲ. ಉಸಿರು ತುಂಬಿಕೊಳ್ಳಲು ಅರೆಕ್ಷಣ ಸಾಕು, ಅವರು ಎಷ್ಟೋ ಕಡೆ ಅದಕ್ಕಿಂತ ಬಹಳ ಹೊತ್ತು ತಡೆದಿದ್ದಾರೆ. ಬೇಕೆಂದೇ ತಡೆದಿದ್ದಾರೆ.